ರನ್‌ವೇ ಮೇಲೆ ಒಂದೇ ಒಂದು ಮಾತು ತಪ್ಪಾಗಿ ಅರ್ಥವಾದರೆ ಏನಾಗುತ್ತೆ? ಇಲ್ಲಿದೆ ವಿವರ

ವಿಮಾನ ಅಪಘಾತ ಅಂದ್ರೆ ಆಕಾಶದಿಂದ ಬೀಳೋದು ಅಂತಲೇ ನಾವೆಲ್ಲ ಅಂದುಕೊಳ್ತೀವಿ. ಆದರೆ ಅತಿ ಹೆಚ್ಚು ಜನ ಸತ್ತ ವಿಮಾನ ಅಪಘಾತ ನಡೆದಿದ್ದು ನೆಲದ ಮೇಲೆ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ, ಮಂಜು ಕವಿದ ರನ್‌ವೇ ಮೇಲೆ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಮೃತಪಟ್ಟರು. ಅನುಮತಿ ಸಿಗುವ ಮೊದಲೇ ಒಂದು ವಿಮಾನ ಟೇಕಾಫ್‌ಗೆ ಓಡಲು ಶುರು ಮಾಡಿತ್ತು.

ಇದಾದ ಮೇಲೆ ನಿಯಮ ಬಿಗಿಯಾಯ್ತು. 'ಟೇಕಾಫ್' ಪದವನ್ನು ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು. ಉಳಿದಂತೆ 'ಡಿಪಾರ್ಚರ್' ಅನ್ನಬೇಕು. ಹೇಳಿದ ಆದೇಶವನ್ನು ಪೈಲಟ್ ತಿರುಗಿ ಹೇಳಬೇಕು.

ಆದರೂ ಹನೇಡಾದಲ್ಲಿ ಆಗಿದ್ದೇನು?

2024ರ ಜನವರಿ 2ರ ಸಂಜೆ ಟೋಕಿಯೋದ ಹನೇಡಾ ವಿಮಾನ ನಿಲ್ದಾಣ. ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಒಯ್ಯಬೇಕಿದ್ದ ಕೋಸ್ಟ್ ಗಾರ್ಡ್ ವಿಮಾನಕ್ಕೆ ಟವರ್‌ನಿಂದ ಬಂದ ಸೂಚನೆ: ನೀವು ನಂಬರ್ ಒನ್, ಸಿ5 ಗೆರೆ ತನಕ ಬನ್ನಿ. ಪೈಲಟ್ ಅದನ್ನು ಸರಿಯಾಗೇ ತಿರುಗಿ ಹೇಳಿದರು. ಆದರೆ ರನ್‌ವೇಗೆ ಹೋಗಲು ಅನುಮತಿ ಸಿಕ್ತು ಅಂದುಕೊಂಡು ಒಳಗೆ ಹೋದರು. ಕ್ಲಿನಿಕ್‌ನಲ್ಲಿ ಟೋಕನ್ ನಂಬರ್ ಒಂದು ನಮ್ಮದಾದರೂ ಡಾಕ್ಟರ್ ಕರೆಯೋ ತನಕ ಕಾಯ್ತೀವಲ್ಲ, ಇಲ್ಲಿ ಆ ಕಾಯೋದು ತಪ್ಪಿಹೋಯ್ತು.

ವಿಮಾನ ಸುಮಾರು 40 ಸೆಕೆಂಡ್ ರನ್‌ವೇ ಮೇಲೇ ನಿಂತಿತ್ತು. ಟವರ್ ಪರದೆಯಲ್ಲಿ ಎಚ್ಚರಿಕೆ ಬಂದರೂ ಯಾರೂ ಗಮನಿಸಲಿಲ್ಲ. ರನ್‌ವೇಗೆ ಹೋಗದಂತೆ ತಡೆಯುವ ಕೆಂಪು ದೀಪಗಳ ಸಾಲನ್ನು ಅಲ್ಲಿ ಮಂಜು ಕವಿದಾಗ ಮಾತ್ರ ಉರಿಸೋದು ವಾಡಿಕೆ, ಅವತ್ತು ರಿಪೇರಿಗಾಗಿ ಬಂದ್ ಬೇರೆ ಆಗಿತ್ತು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಬಂದು ಗುದ್ದಿತು. ಕೋಸ್ಟ್ ಗಾರ್ಡ್ ವಿಮಾನದಲ್ಲಿದ್ದ 6 ಜನರಲ್ಲಿ 5 ಮಂದಿ ಸತ್ತರು.

ಘಟನೆ ಬಳಿಕ ಜಪಾನ್ 'ನಂಬರ್ ಒನ್' ಅನ್ನೋದನ್ನು ತಾತ್ಕಾಲಿಕವಾಗಿ ನಿಲ್ಲಿಸಿತ್ತು. ಪರದೆ ನೋಡೋದಕ್ಕೇ ಒಬ್ಬರನ್ನು ಕೂರಿಸಿತು.

379 ಜನ ಹೇಗೆ ಬದುಕಿದರು?

ದೊಡ್ಡ ವಿಮಾನಕ್ಕೆ ಬೆಂಕಿ ಹೊತ್ತಿಕೊಂಡಿತ್ತು, ಮೈಕ್ ಕೆಟ್ಟಿತ್ತು. 8 ಬಾಗಿಲುಗಳಲ್ಲಿ ಬಳಸಲು ಆಗಿದ್ದು 3 ಮಾತ್ರ. ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿ ಹೇಳಿದರು, ಪ್ರಯಾಣಿಕರು ಬ್ಯಾಗ್ ಬಿಟ್ಟು ಇಳಿದರು. ಅಷ್ಟೂ ಜನ ಜೀವಂತ ಹೊರಬಂದರು.

ಟವರ್‌ನಲ್ಲಿ ಆಗೋ ತಪ್ಪನ್ನು ತಡೆಯೋದು ನಮ್ಮ ಕೈಯಲ್ಲಿಲ್ಲ. ಆದರೆ ಮುಂದಿನ ಸಲ ವಿಮಾನ ಹತ್ತಿದಾಗ ಹತ್ತಿರದ ಬಾಗಿಲು ಯಾವುದು ಅಂತ ನೋಡಿಕೊಳ್ಳಿ. ಇಳಿಯಿರಿ ಅಂದ ತಕ್ಷಣ ಬ್ಯಾಗ್ ಹುಡುಕಬೇಡಿ. ನೀವು ಬ್ಯಾಗ್ ಎಳೆಯೋ ಹೊತ್ತಿಗೆ ಹಿಂದಿನವರ ದಾರಿ ಬಂದ್ ಆಗಿರುತ್ತೆ.