ಡಿಗ್ರಿ ಆನ್‌ಲೈನ್ ಅದ, ಮಾನ್ಯತೆ ಅದ ಏನ್ರಿ?

ಮಾನ್ವಿ ಬಸ್ ಸ್ಟ್ಯಾಂಡ್ ಹತ್ರ ಕರೆಂಟ್ ಕಂಬಕ್ಕ ಒಂದು ಹಳದಿ ಚೀಟಿ ಹಚ್ಯಾರ ಅನ್ಕೋರಿ. ‘ಮನ್ಯಾಗ ಕುಂತು ಡಿಗ್ರಿ, ಎಲ್ಲಾ ಆನ್‌ಲೈನ್.’ ಕೆಳಗ ಒಂದು ಮೊಬೈಲ್ ನಂಬರ್, ಅಷ್ಟ. ಯುನಿವರ್ಸಿಟಿ ಹೆಸರೇ ಇಲ್ಲ!

ಆನ್‌ಲೈನ್ ಡಿಗ್ರಿ ಮ್ಯಾಲ ಕಣ್ಣಿಡೋದು ಯುಜಿಸಿ, ಅಂದ್ರ ವಿಶ್ವವಿದ್ಯಾಲಯ ಧನಸಹಾಯ ಆಯೋಗ. 2020ರ ನಿಯಮದ ಪ್ರಕಾರ, ಅರ್ಹತೆ ಇದ್ದ ವಿಶ್ವವಿದ್ಯಾಲಯಗಳು ಮಾತ್ರ ಇದನ್ನ ನಡೆಸಬಹುದು. ಫ್ರಾಂಚೈಸಿ ಕೊಡಂಗಿಲ್ಲ. ಈ ನಿಯಮದಾಗ ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಡಿಗ್ರಿ ಆನ್‌ಲೈನ್‌ನಾಗ ಇಲ್ಲ. ಈ ನಿಯಮದಾಗೇ ಕೊಡ್ತೀನಿ ಅಂತ ಯಾರರ ಅಂದ್ರ ಸುಳ್ಳು.

ಮಾನ್ಯತೆ ಹೋದ್ರ ಏನಾಗ್ತದ? ದೂರ ಶಿಕ್ಷಣದ ಕಥಿ ಕೇಳ್ರಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಹೊರಗೂ ಕೇಂದ್ರ ನಡೆಸಿ ನಿಯಮ ಮೀರಿತು ಅಂತ, 2013-14ರಿಂದ ಮಾನ್ಯತೆ ಸಿಗಲಿಲ್ಲ. ವಾಪಸ್ ಬಂದಿದ್ದು 2018ರಾಗ. ನಡುವ ಓದಿದವರು ಅಂಕಪಟ್ಟಿ ಹಿಡ್ಕೊಂಡು ಅಲೆದಾಡಿದ್ರು. ಸರ್ಕಾರಿ ವಿಶ್ವವಿದ್ಯಾಲಯದ್ದೇ ಹಿಂಗಾದ್ರ, ಕಂಬದ ಚೀಟಿ ಯಾವ ಲೆಕ್ಕರೀ?

ರಾಯಚೂರಾಗರ ಇರ್ರಿ, ದೇವದುರ್ಗದಾಗರ ಇರ್ರಿ, ರೊಕ್ಕ ಕಟ್ಟೋ ಮೊದ್ಲು ಮೊಬೈಲ್‌ನಾಗ ಯುಜಿಸಿಯ ದೂರ ಶಿಕ್ಷಣ ಬ್ಯೂರೋ (ಡಿಇಬಿ) ವೆಬ್‌ಸೈಟ್ ತೆಗೀರಿ. ಯುನಿವರ್ಸಿಟಿ ಹೆಸರಿದ್ರ ಸಾಲಂಗಿಲ್ಲ, ನಿಮ್ಮ ಕೋರ್ಸ್ ಹೆಸರೂ ಇರಬೇಕು, ಅದೂ ಈ ವರ್ಷದ ಪಟ್ಟಿಯಾಗ. 2024ರಿಂದ ಪ್ರವೇಶಕ್ಕ ಡಿಇಬಿ ಐಡಿ ಕಡ್ಡಾಯ. ಅದನ್ನ ವೆಬ್‌ಸೈಟ್‌ನಾಗ ನೀವೇ ಮಾಡ್ಕೋಬೇಕು.

‘ಅದೆಲ್ಲಾ ನಾವ್ ಮಾಡ್ತೀವಿ, ನೀವು ಓಟಿಪಿ ಅಷ್ಟ ಹೇಳ್ರಿ’ ಅಂತಾರ ಚೀಟಿ ಹಚ್ಚಿದವರು. ಫೋನ್ ಕಟ್ ಮಾಡ್ರಿ.