ಬೆಟ್ಟದ ಬುಡದ ಕಲ್ಲು ಎಷ್ಟು ಬೆಂದಿದೆ?

ಬಾವಿ ತೋಡಿಸಿದ ಬೆಳೆಗಾರ ಬಂಧುಗಳಿಗೆ ಇದು ಗೊತ್ತಿರುವ ಸಂಗತಿ. ಮೇಲ್ಮಣ್ಣು, ಜಂಬಿಟ್ಟಿಗೆ ದಾಟಿದ ಮೇಲೆ ಒಬ್ಬರಿಗೆ ಹಸಿರು ಛಾಯೆಯ ಮೆದು ಪದರಗಲ್ಲು ಸಿಕ್ಕರೆ, ಬೇಲಿಯಾಚೆಯವರಿಗೆ ಉಳಿಗೆ ಬಗ್ಗದ ಬಂಡೆ ಎದುರಾಗುತ್ತದೆ. ನಮ್ಮ ಕೂಲಿಯ ಲೆಕ್ಕ ತಪ್ಪುವುದು ಅಲ್ಲೇ. ಇದಕ್ಕೆ ಹಲವು ಕಾರಣಗಳುಂಟು. ಆ ಕಲ್ಲು ಭೂಗರ್ಭದಲ್ಲಿ ಎಷ್ಟು ಬೆಂದಿತ್ತು ಎಂಬುದೂ ಅವುಗಳಲ್ಲೊಂದು.

ಕಾಫಿಯ ತವರಾದ ಬಾಬಾಬುಡನ್ ಗಿರಿಯ ಶಿಲೆಗಳು ಕಡಿಮೆ ಬೆಂದವು. ಸುಮಾರು 300ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹುಟ್ಟುವ ಕ್ಲೋರೈಟ್ ಎಂಬ ಖನಿಜವೇ ಅವುಗಳಿಗೆ ಹಸಿರು ಬಣ್ಣ ಕೊಡುತ್ತದೆ. ರಾಜ್ಯದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋದಂತೆ ಶಾಖದ ಗುರುತು ಏರುತ್ತದೆ. ಕನಕಪುರದ ಕಡೆಯ ಕಬ್ಬಾಳದುರ್ಗದಲ್ಲಿ 700 ಡಿಗ್ರಿ ದಾಟಿ ಬೆಂದ ಚಾರ್ನೊಕೈಟ್ ಇದೆ. ಅಲ್ಲಿ ನೈಸ್ ಶಿಲೆಯು ಚಾರ್ನೊಕೈಟ್ ಆಗುತ್ತಿರುವ ಹಂತವನ್ನು ನಮ್ಮವರೇ ಆದ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ಜಗತ್ತಿಗೆ ತೋರಿಸಿದರು. ದಕ್ಷಿಣದ ನೆಲ ಹೆಚ್ಚು ಸವೆದು, ಆಳದ ಕಲ್ಲು ಮೇಲೆ ಬಂದಿದೆ.

ಈ ಬೇಯುವಿಕೆಯ ಗಡಿ ಗುರುತಿಸುವುದು ಹೇಗೆ? ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜಾರ್ಜ್ ಬ್ಯಾರೋ 1893ರಲ್ಲಿ ದಾರಿ ತೋರಿಸಿದರು. ಶಾಖ ಏರಿದಂತೆ ಕ್ಲೋರೈಟ್ ಹಿಂದೆ ಸರಿದು ಕಪ್ಪು ಅಭ್ರಕ, ಬಳಿಕ ಗಾರ್ನೆಟ್ ಕಾಣಿಸಿಕೊಳ್ಳುತ್ತವೆ. ಹೊಸ ಖನಿಜ ಮೊದಲು ಕಂಡ ಸ್ಥಳಗಳನ್ನು ಕೂಡಿಸಿದರೆ ಗಡಿರೇಖೆ ಸಿಗುತ್ತದೆ. ಹಳ್ಳದಿಂದ, ರಸ್ತೆ ಕಡಿದ ಜಾಗದಿಂದ ಹೊಸ ಕಲ್ಲು ಆರಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ತೇಯ್ದು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಕಷ್ಟವಿರುವುದು ಬುಡದ ಕಲ್ಲಿನಲ್ಲಿ. ಚಿಕ್ಕಮಗಳೂರಿನ ಹತ್ತಿರ ಕರ್ತಿಕೆರೆಯ ಉಂಡೆಗಲ್ಲಿನ ಪದರದ ಕೆಳಗಿರುವ ಹಳೆಯ ನೈಸ್, ಗಿರಿಯ ಶಿಲೆಗಳು ಹುಟ್ಟುವ ಮೊದಲೇ ಒಮ್ಮೆ ಚೆನ್ನಾಗಿ ಬೆಂದಿತ್ತು. ಎರಡನೆಯ ಸಲದ ಸಣ್ಣ ಶಾಖ ಅದರಲ್ಲಿ ಮಸುಕು ಗುರುತನ್ನಷ್ಟೇ ಬಿಡುತ್ತದೆ. ಆಗ ಬಿಸಿನೀರು ಹರಿದು ಕಪ್ಪು ಅಭ್ರಕ ಮತ್ತೆ ಹಸಿರು ಕ್ಲೋರೈಟ್ ಆಗುವುದೂ ಉಂಟು. ಹಸಿರು ಕಂಡ ಮಾತ್ರಕ್ಕೆ ಆ ಕಲ್ಲು ಎಂದೂ ಹೆಚ್ಚು ಬೆಂದಿಲ್ಲವೆಂದು ಬರೆದರೆ ಗಡಿಯೇ ತಪ್ಪುತ್ತದೆ. ಆದುದರಿಂದ ನಕ್ಷೆಯಲ್ಲಿ ಗೆರೆಯಾಗಿ ಕಾಣುವುದು ನೆಲದಲ್ಲಿ ಅಗಲವಾದ ಪಟ್ಟಿಯೇ ಆಗಿರಬಹುದು.

ಇದರಿಂದ ನಮಗೇನು? ಈ ಗಡಿಯ ನಕ್ಷೆ ನೀರಿನ ನಕ್ಷೆಯಲ್ಲ. ನೀರು ನಿಲ್ಲುವುದು ಬಿರುಕಿನಲ್ಲಿ, ಶಿಥಿಲವಾದ ಪದರದಲ್ಲಿ. ಕಲ್ಲಿನ ಬಣ್ಣ ನೋಡಿ ಕೊಳವೆಬಾವಿಗೆ ಸಾಲ ಮಾಡುವುದು ಬೇಡ. ಆದರೆ ಕಲ್ಲಿನ ಜಾತಿ ಮೊದಲೇ ತಿಳಿದಿದ್ದರೆ ಕೊರೆಯುವ ಖರ್ಚನ್ನು ಅಂದಾಜಿಸಬಹುದು.

ಕಾಡು, ತೋಟ, ಜಂಬಿಟ್ಟಿಗೆಗಳು ಮುಚ್ಚಿದ ನಮ್ಮ ಸೀಮೆಯಲ್ಲಿ ಭೂವಿಜ್ಞಾನಿಗೆ ಕಲ್ಲು ಕಾಣುವುದೇ ಅಪರೂಪ. ಅವರ ಕಣ್ಣಿಗೆ ಬೀಳದ್ದು ನಮ್ಮ ಬಾವಿಯಲ್ಲಿ ಸಿಗುತ್ತದೆ. ಮುಂದಿನ ಸಲ ಬಾವಿ ತೋಡಿಸುವಾಗ ಆಳಕ್ಕೊಂದು ತುಂಡು ತೆಗೆದಿಟ್ಟು, ಎಷ್ಟು ಅಡಿಯಲ್ಲಿ ಸಿಕ್ಕಿತೆಂದು ಚೀಟಿ ಕಟ್ಟಿಡೋಣ. ಕೇಳಿಕೊಂಡು ಬಂದವರಿಗೆ ಅದು ಬೇಕಾಗುತ್ತದೆ. ಪಕ್ಕದ ತೋಟದವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ.