ವಿಂಕಾ ಮೈನರ್

ವಿಂಕಾ ಮೈನರ್ ಅಪೊಸೈನೇಸೀ ಕುಟುಂಬಕ್ಕೆ ಸೇರಿದ, ನೆಲದ ಮೇಲೆ ಹಬ್ಬಿ ಬೆಳೆಯುವ ನಿತ್ಯಹರಿದ್ವರ್ಣದ ಬಹುವಾರ್ಷಿಕ ಸಸ್ಯ. ಇಂಗ್ಲಿಷಿನಲ್ಲಿ ಇದನ್ನು ಲೆಸ್ಸರ್ ಪೆರಿವಿಂಕಲ್ ಎಂದೂ, ಅಮೆರಿಕದಲ್ಲಿ ಮರ್ಟಲ್ ಎಂದೂ ಕರೆಯುತ್ತಾರೆ. ಮಧ್ಯ ಮತ್ತು ದಕ್ಷಿಣ ಯುರೋಪ್, ಟರ್ಕಿ ಹಾಗೂ ಕಾಕಸಸ್ ಪ್ರದೇಶಗಳು ಇದರ ಮೂಲ ನೆಲೆ. ಹುಲ್ಲು ಬೆಳೆಯದ ನೆರಳಿನ ಜಾಗವನ್ನೂ ವರ್ಷವಿಡೀ ಹಸಿರಾಗಿಡುವುದರಿಂದ ಸಮಶೀತೋಷ್ಣ ದೇಶಗಳ ತೋಟಗಳಲ್ಲಿ ನೆಲಹೊದಿಕೆಯಾಗಿ ಇದನ್ನು ಬೆಳೆಸುತ್ತಾರೆ. ನೆಲ ತಾಕಿದಲ್ಲೆಲ್ಲ ಕಾಂಡಗಳು ಬೇರುಬಿಟ್ಟು ಹರಡುವ ಗುಣವೇ ಇದರ ಉಪಯುಕ್ತತೆಗೂ, ಕಾಡಿಗೆ ಪ್ರವೇಶಿಸಿದಾಗ ಉಂಟಾಗುವ ಹಾನಿಗೂ ಕಾರಣವಾಗಿದೆ.

ಹೆಸರು

ಈ ಪ್ರಭೇದವನ್ನು ಕಾರ್ಲ್ ಲಿನಿಯಸ್ 1753ರಲ್ಲಿ ಪ್ರಕಟವಾದ ತನ್ನ 'ಸ್ಪೀಸೀಸ್ ಪ್ಲಾಂಟಾರಮ್' ಗ್ರಂಥದಲ್ಲಿ ವಿವರಿಸಿದನು. 'ವಿಂಕಾ' ಎಂಬ ಕುಲನಾಮವು ಈ ಗಿಡಕ್ಕೆ ಪ್ರಾಚೀನ ರೋಮನ್ನರು ಬಳಸುತ್ತಿದ್ದ 'ವಿಂಕಾ ಪೆರ್ವಿಂಕಾ' ಎಂಬ ಹೆಸರಿನಿಂದ ಬಂದಿದೆ. ಇದರ ಮೂಲ 'ಕಟ್ಟು, ಬಿಗಿ' ಎಂಬ ಅರ್ಥದ ಲ್ಯಾಟಿನ್ ಧಾತು. ಉದ್ದವಾದ, ಸುಲಭವಾಗಿ ಬಾಗುವ ಕಾಂಡಗಳಿಂದ ಮಾಲೆ ಕಟ್ಟುತ್ತಿದ್ದುದೇ ಈ ಹೆಸರಿಗೆ ಕಾರಣವೆಂದು ವಿವರಿಸುವುದುಂಟು. ಕಣಗಿಲೆ, ದೇವಕಣಗಿಲೆ, ಸರ್ಪಗಂಧ ಮತ್ತು ಹಾಲೆಮರಗಳೂ ಇದೇ ಕುಟುಂಬದ ಸಸ್ಯಗಳು.

ಲಕ್ಷಣಗಳು

ತೆಳುವಾದ ಕಾಂಡಗಳು ನೆಲದ ಮೇಲೆ ಒಂದು ಮೀಟರಿಗೂ ಹೆಚ್ಚು ಉದ್ದ ಹರಿಯುತ್ತವೆ. ಗಿಡದ ಎತ್ತರ ಸಾಮಾನ್ಯವಾಗಿ 10ರಿಂದ 20 ಸೆಂ.ಮೀ. ಮಾತ್ರ. ಎಲೆಗಳು ಗೆಣ್ಣಿಗೆ ಎರಡರಂತೆ ಎದುರುಬದುರಾಗಿರುತ್ತವೆ. ಅವು 2ರಿಂದ 4.5 ಸೆಂ.ಮೀ. ಉದ್ದ, 1ರಿಂದ 2.5 ಸೆಂ.ಮೀ. ಅಗಲವಿದ್ದು, ಗಾಢ ಹಸಿರು ಬಣ್ಣ, ಹೊಳಪು ಮತ್ತು ತೊಗಲಿನಂತಹ ಗಡಸುತನವನ್ನು ಹೊಂದಿರುತ್ತವೆ. ಎಲೆಯಂಚಿನಲ್ಲಿ ಹಲ್ಲುಗಳಾಗಲಿ ರೋಮಗಳಾಗಲಿ ಇರುವುದಿಲ್ಲ.

ವಸಂತದ ಆರಂಭದಿಂದ ಬೇಸಿಗೆಯ ನಡುವಿನವರೆಗೆ ಎಲೆಯ ಕಂಕುಳಲ್ಲಿ ಒಂಟಿ ಹೂಗಳು ಅರಳುತ್ತವೆ. ಹೂವಿನ ಅಗಲ 2ರಿಂದ 3 ಸೆಂ.ಮೀ.; ಬಣ್ಣ ನೇರಳೆ ಮಿಶ್ರಿತ ನೀಲಿ. ಐದು ದಳಗಳ ತುದಿ ಓರೆಯಾಗಿ ಕತ್ತರಿಸಿದಂತಿದ್ದು, ಇಡೀ ಹೂವು ಗಾಳಿಗಿರಿಗಿಟ್ಟಲೆಯಂತೆ ಒಂದೇ ಕಡೆಗೆ ತಿರುಗಿದಂತೆ ಕಾಣುತ್ತದೆ. ಮೂಲ ನೆಲೆಯ ಉತ್ತರದಂಚಿನಲ್ಲಿಯೂ ತೋಟಗಳಲ್ಲಿಯೂ ಕಾಯಿ ಕಟ್ಟುವುದು ಅಪರೂಪ. ಆದ್ದರಿಂದ ಅಲ್ಲಿ ಗಿಡವು ಬಹುಮಟ್ಟಿಗೆ ಬೇರುಬಿಡುವ ಕಾಂಡಗಳಿಂದಲೇ ಹರಡುತ್ತದೆ.

ಗುರುತಿಸುವಿಕೆ

ಈ ಸಸ್ಯವನ್ನು ಹೋಲುವ ಕೆಲವು ಗಿಡಗಳಿವೆ.

ವಿಂಕಾ ಮೇಜರ್: ಇದೇ ಕುಲದ ದೊಡ್ಡ ಪ್ರಭೇದ. ಎಲೆಗಳು 9 ಸೆಂ.ಮೀ.ವರೆಗೆ ಉದ್ದವಿದ್ದು ಬುಡದಲ್ಲಿ ಅಗಲವಾಗಿರುತ್ತವೆ. ಹೂವಿನ ಅಗಲ 3ರಿಂದ 5 ಸೆಂ.ಮೀ. ಎಲೆಯಂಚಿನಲ್ಲಿಯೂ ಪುಷ್ಪಪಾತ್ರೆಯ ಎಸಳುಗಳ ಅಂಚಿನಲ್ಲಿಯೂ ಸೂಕ್ಷ್ಮ ರೋಮಗಳಿರುವುದು ಖಚಿತ ಗುರುತು. ಹೂವಿಲ್ಲದ ಕಾಲದಲ್ಲಿ ಎಲೆಯನ್ನು ಬೆಳಕಿಗೆ ಹಿಡಿದು ಅಂಚನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಐವಿ: ಎಲೆಗಳು ಕಾಂಡದ ಮೇಲೆ ಒಂದಾದ ಮೇಲೊಂದರಂತೆ ಪರ್ಯಾಯವಾಗಿರುತ್ತವೆ, ಎಳೆಯ ಬಳ್ಳಿಯಲ್ಲಿ ಎಲೆಗಳು ಸೀಳಾಗಿರುತ್ತವೆ. ಐವಿ ಮರವನ್ನೇರುತ್ತದೆ, ವಿಂಕಾ ಏರುವುದಿಲ್ಲ.

ಯುಯೋನಿಮಸ್ ಫಾರ್ಚುನೈ: ಎಲೆಗಳು ಎದುರುಬದುರಾಗಿಯೇ ಇದ್ದರೂ ಅವುಗಳ ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ.

ಕಾಶಿ ಕಣಗಿಲೆಯೊಂದಿಗೆ ಗೊಂದಲ

ಕರ್ನಾಟಕದ ಮನೆಯಂಗಳಗಳಲ್ಲಿ ಸಾಮಾನ್ಯವಾಗಿರುವ ಕಾಶಿ ಕಣಗಿಲೆ ಅಥವಾ ಸದಾಪುಷ್ಪವನ್ನು ನರ್ಸರಿಗಳಲ್ಲಿ 'ವಿಂಕಾ' ಎಂಬ ಹೆಸರಿನಲ್ಲಿಯೇ ಮಾರುತ್ತಾರೆ. ಲಿನಿಯಸ್ ಅದನ್ನು 'ವಿಂಕಾ ರೋಸಿಯಾ' ಎಂದು ಹೆಸರಿಸಿದ್ದುದೇ ಇದಕ್ಕೆ ಕಾರಣ. 19ನೆಯ ಶತಮಾನದಲ್ಲಿ ಅದನ್ನು ಕ್ಯಾಥರಾಂಥಸ್ ಎಂಬ ಬೇರೆ ಕುಲಕ್ಕೆ ಸೇರಿಸಲಾಯಿತು. ಅದು ಮಡಗಾಸ್ಕರ್ ಮೂಲದ್ದು. ನೆಟ್ಟಗೆ ನಿಲ್ಲುವ ಗಿಡ. ಬೀಜದಿಂದ ಹರಡುತ್ತದೆ, ಬಿಸಿಲು ಮತ್ತು ಸೆಕೆಯನ್ನು ತಾಳಿಕೊಳ್ಳುತ್ತದೆ, ಹಿಮವನ್ನು ತಾಳುವುದಿಲ್ಲ. ವಿಂಕಾ ಮೈನರ್ ಇದಕ್ಕೆ ವ್ಯತಿರಿಕ್ತವಾಗಿ ಚಳಿಗಾಲವುಳ್ಳ ತಂಪು ಪ್ರದೇಶದ ಗಿಡವಾದ್ದರಿಂದ ಬಯಲುಸೀಮೆಯ ಬಿಸಿಲಿಗೆ ಹೊಂದುವುದಿಲ್ಲ.

ಎರಡರ ರಾಸಾಯನಿಕಗಳೂ ಭಿನ್ನ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ದೊರೆಯುವುದು ಕಾಶಿ ಕಣಗಿಲೆಯಿಂದ. ವಿಂಕಾ ಮೈನರ್‌ನ ಎಲೆಗಳಲ್ಲಿರುವ ಮುಖ್ಯ ಆಲ್ಕಲಾಯ್ಡ್ ವಿಂಕಮೈನ್. ಇವೆರಡರಲ್ಲಿ ಯಾವುದನ್ನೂ ಮನೆಮದ್ದಾಗಿ ಸೇವಿಸುವುದು ಸುರಕ್ಷಿತವಲ್ಲ.

ಬೇಸಾಯ

ನೀರು ನಿಲ್ಲದ, ತೇವಾಂಶವುಳ್ಳ ಯಾವುದೇ ಮಣ್ಣಿನಲ್ಲಿ ಇದು ಬೆಳೆಯುತ್ತದೆ. ಅರೆನೆರಳು ಸೂಕ್ತ. ಬಿಸಿಲಿದ್ದಲ್ಲಿ ಹೂಗಳು ಹೆಚ್ಚು. ದಟ್ಟ ನೆರಳಿನಲ್ಲಿ ಹಸಿರು ಉಳಿದರೂ ಹೂಗಳು ಕಡಿಮೆಯಾಗುತ್ತವೆ. ನೆಡುವ ಮೊದಲು ಕಳೆಯ ಬೇರುಗಳನ್ನು ಪೂರ್ಣವಾಗಿ ತೆಗೆಯಬೇಕು. ಹೊದಿಕೆ ಹೆಣೆದುಕೊಂಡ ನಂತರ ಅದರ ನಡುವಿನಿಂದ ಕಳೆ ಕೀಳುವುದು ಕಷ್ಟ. ಸಸಿಗಳ ನಡುವೆ 30ರಿಂದ 45 ಸೆಂ.ಮೀ. ಅಂತರ ಸಾಕು. ನೆಲ ಪೂರ್ತಿ ಮುಚ್ಚುವವರೆಗೆ ಬರಿಮಣ್ಣಿನ ಮೇಲೆ ಒಣ ಎಲೆಯ ಮುಚ್ಚಿಗೆ ಹಾಕಿದರೆ ತೇವ ಉಳಿಯುತ್ತದೆ.

ಶರತ್ಕಾಲದಿಂದ ವಸಂತದವರೆಗೆ ಬೇರುಬಿಟ್ಟ ಕಾಂಡಗಳನ್ನು ಬಿಡಿಸಿ ನೆಡುವುದು ಸುಲಭವಾದ ಸಸ್ಯಾಭಿವೃದ್ಧಿ ಕ್ರಮ. ಬೇಸಿಗೆಯಲ್ಲಿ ಅರೆಬಲಿತ ಕಾಂಡದ ತುಂಡುಗಳಿಂದಲೂ ಸಸಿ ಮಾಡಬಹುದು. ಕೆಲವು ವರ್ಷಗಳಿಗೊಮ್ಮೆ ವಸಂತದ ಆರಂಭದಲ್ಲಿ ಕಾಂಡಗಳನ್ನು ಗಿಡ್ಡವಾಗಿ ಕತ್ತರಿಸಿದರೆ ಹೊದಿಕೆ ಮತ್ತೆ ಒತ್ತಾಗುತ್ತದೆ. ಗಾಳಿಯಾಡದ, ಸದಾ ಒದ್ದೆಯಾಗಿರುವ ಜಾಗದಲ್ಲಿ ಶಿಲೀಂಧ್ರಗಳಿಂದ ಕಾಂಡಗಳು ಕಪ್ಪಾಗಿ ಸಾಯುತ್ತವೆ. ಅಂತಹ ಭಾಗಗಳನ್ನು ಕತ್ತರಿಸಿ ತೆಗೆಯಬೇಕು. ನೀರನ್ನು ಎಲೆಗಳ ಮೇಲೆ ಸುರಿಯದೆ ಬುಡಕ್ಕೆ ಹಾಕಬೇಕು.

ಬಿಳಿ ಹೂವಿನ 'ಗರ್ಟ್ರೂಡ್ ಜೀಕಲ್', ಕಡುಗೆಂಪು ಮಿಶ್ರಿತ ನೇರಳೆ ಹೂವಿನ 'ಆಟ್ರೊಪರ್ಪ್ಯೂರಿಯಾ' ಮತ್ತು ಸುತ್ತುದಳದ ನೀಲಿ ಹೂವಿನ 'ಅಜೂರಿಯಾ ಫ್ಲೋರೆ ಪ್ಲೆನೊ' ಪ್ರಸಿದ್ಧ ತಳಿಗಳು.

ಹಳೆಯ ನೆಲೆಗಳ ಕುರುಹು

ಒಮ್ಮೆ ನೆಟ್ಟ ವಿಂಕಾ ನೆಟ್ಟವರು ಹೋದ ಮೇಲೂ ದೀರ್ಘಕಾಲ ಉಳಿಯುತ್ತದೆ. ಬೀಜದಿಂದ ದೂರಕ್ಕೆ ಹರಡುವುದು ಅಪರೂಪವಾದ್ದರಿಂದ, ಕಾಡಿನ ನಡುವೆ ಅದರ ದಟ್ಟ ಹಾಸು ಕಂಡರೆ ಅಲ್ಲಿ ಹಿಂದೆ ಜನವಸತಿ ಇದ್ದಿರಬಹುದೆಂದು ಊಹಿಸಲು ಅವಕಾಶವಿದೆ. ಜರ್ಮನಿ ಮತ್ತು ಪೋಲೆಂಡ್‌ಗಳಲ್ಲಿ ಇದು ಮಧ್ಯಯುಗದ ಕೋಟೆ ಹಾಗೂ ಊರುಗಳ ಅವಶೇಷಗಳ ಸುತ್ತ ಕಂಡುಬರುತ್ತದೆ. ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಸಮಾಧಿಗಳ ಮೇಲೆ ಇದನ್ನು ನೆಡುವ ರೂಢಿಯಿತ್ತು. ಗುರುತುಕಲ್ಲುಗಳು ಇಲ್ಲವಾದ ಹಳೆಯ ಸ್ಮಶಾನಗಳನ್ನು ಪತ್ತೆಹಚ್ಚುವಾಗ ಅಲ್ಲಿನ ಸಂಶೋಧಕರು ವಿಂಕಾದ ಹಾಸನ್ನೂ ಒಂದು ಸುಳಿವಾಗಿ ಗಮನಿಸುತ್ತಾರೆ.

ಆಕ್ರಮಣಶೀಲತೆ ಮತ್ತು ನಿಯಂತ್ರಣ

ಉತ್ತರ ಅಮೆರಿಕದ ಹಲವೆಡೆ ವಿಂಕಾ ಮೈನರ್ ತೋಟಗಳಿಂದ ಕಾಡಿಗೆ ಹಬ್ಬಿದೆ. ವರ್ಷವಿಡೀ ನೆಲ ಮುಚ್ಚಿರುವ ಹೊದಿಕೆಯ ಕೆಳಗೆ ವಸಂತದ ಕಾಡುಹೂಗಳು ಮೊಳೆಯಲಾರವು. ಮರಗಳ ಬೀಜ ಮೊಳೆತರೂ ಸಸಿ ಬೆಳಕು ಕಾಣುವುದಿಲ್ಲ. ವಿಂಕಾ ಮೇಜರ್ ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಹೊಳೆದಂಡೆಗಳನ್ನು ಆವರಿಸುತ್ತದೆ. ನೀರಿನಲ್ಲಿ ಕೊಚ್ಚಿಹೋದ ಕಾಂಡದ ತುಂಡುಗಳು ಕೆಳದಂಡೆಯಲ್ಲಿ ಬೇರೂರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಅದು ದ್ರಾಕ್ಷಿಯ ಪಿಯರ್ಸ್ ರೋಗಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಕ್ಕೂ, ಅದನ್ನು ಸಾಗಿಸುವ ಕೀಟಕ್ಕೂ ಆಶ್ರಯ ನೀಡುತ್ತದೆ.

ಸಣ್ಣ ಹಾಸನ್ನು ಕೈಯಿಂದ ತೆಗೆಯಬಹುದು. ಮಳೆ ಬಿದ್ದು ಮಣ್ಣು ಸಡಿಲವಾದಾಗ ಕಾಂಡಗಳನ್ನು ಕುಂಟಿಗೆಯಿಂದ ಎತ್ತಿ, ಬೇರುಸಹಿತ ಕಿತ್ತು, ಒಟ್ಟುಗೂಡಿಸಬೇಕು. ಉಳಿದ ಒಂದೊಂದು ಗೆಣ್ಣೂ ಮತ್ತೆ ಚಿಗುರಬಲ್ಲದು. ಆದ್ದರಿಂದ ಕೆಲವು ವರ್ಷಗಳವರೆಗೆ ಅದೇ ಜಾಗವನ್ನು ಪರಿಶೀಲಿಸುತ್ತಿರಬೇಕು. ಮೇಣದಂತಹ ಪದರವಿರುವ ಎಲೆಗಳ ಮೇಲೆ ಕಳೆನಾಶಕ ಸುಲಭವಾಗಿ ಅಂಟದು. ಕಿತ್ತ ಕಾಂಡಗಳನ್ನು ಕಾಡಿನಂಚಿನಲ್ಲಾಗಲಿ ಹೊಳೆದಂಡೆಯಲ್ಲಾಗಲಿ ಎಸೆಯುವುದು ಹೊಸ ಹಾಸನ್ನು ನೆಟ್ಟಂತೆಯೇ ಆಗುತ್ತದೆ. ಇದನ್ನು ಬೆಳೆಸಬಯಸುವವರಿಗೆ ಗೋಡೆ ಮತ್ತು ಕಲ್ಲುಹಾಸಿನ ದಾರಿಯ ನಡುವಿನಂತಹ, ನಾಲ್ಕೂ ಕಡೆ ಮಿತಿಯಿರುವ ಜಾಗವೇ ಯೋಗ್ಯ. ಕಾಡಿಗೆ ಅಥವಾ ಹೊಳೆಗೆ ತಾಗಿದ ತೋಟಗಳಲ್ಲಿ ಆಯಾ ಪ್ರದೇಶದ ಸ್ಥಳೀಯ ನೆಲಹೊದಿಕೆಗಳನ್ನು ಬಳಸುವುದು ಸೂಕ್ತ.